ಹಳೆಯ ಕಾರಿನ ಕಾಲು, ಹೊಸ ಕಾರಿನ ಮೈ

ಗಲ್ಫಿನಲ್ಲಿ ಗ್ಯಾರೇಜ್ ಕೆಲಸ ಎಂದರೆ ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಎಸಿ ಗ್ಯಾಸ್ ತುಂಬುವುದು ಎಂದು ಊರಿನಲ್ಲಿ ಹಲವರು ತಿಳಿದಿದ್ದಾರೆ. ಅದು ಸುಳ್ಳಲ್ಲ, ದಿನದ ಹೆಚ್ಚಿನ ಹೊತ್ತು ಹೋಗುವುದು ಅದರಲ್ಲೇ. ಆದರೆ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡುಗಳಲ್ಲಿ ಆಗಾಗ ಬೇರೆ ಬಗೆಯ ಕೆಲಸವೂ ಬರುತ್ತದೆ. ಒಬ್ಬ ಗಿರಾಕಿ ಬಂದು, “ಕಂಪನಿ ಕಾರು ಬೇಡ, ನನ್ನದೇ ಕಾರು ಕಟ್ಟಿಕೊಡಿ” ಎನ್ನುತ್ತಾನೆ. ಅಂಥ ಒಂದು ಕೆಲಸದಲ್ಲಿ ನಾವು ನಾಲ್ವರು ಕನ್ನಡಿಗರು ಏಳು ತಿಂಗಳು ಕೈಯಾಡಿಸಿದೆವು: ಪುತ್ತೂರಿನ ವೆಲ್ಡರ್, ಶಿವಮೊಗ್ಗದ ಫಿಟ್ಟರ್, ಹಾಸನದ ವೀಲ್ ಅಲೈನ್‌ಮೆಂಟ್ ಹುಡುಗ ಮತ್ತು ಕಲಬುರಗಿಯ ಹೆಲ್ಪರ್. ಈ ಕೆಲಸದಲ್ಲಿ ಕಂಡುಕೊಂಡದ್ದನ್ನು ನಮ್ಮ ಸಂಘದ ವಾರ್ಷಿಕ ಸಂಚಿಕೆಯ ಓದುಗರ ಜೊತೆ ಹಂಚಿಕೊಳ್ಳುತ್ತಿದ್ದೇವೆ. ಸಂಘದಲ್ಲಿ ಗ್ಯಾರೇಜಿನವರಷ್ಟೇ ಅಲ್ಲ, ಮೇಸ್ತ್ರಿಗಳು, ಡ್ರೈವರುಗಳು, ತೈಲ ಕಂಪನಿಗಳ ಇನ್‌ಸ್ಪೆಕ್ಟರುಗಳು, ಎಂಜಿನಿಯರುಗಳೂ ಇದ್ದಾರೆ. ಈ ಕಾರಿನಲ್ಲಿ ಅವರಲ್ಲಿ ಕೆಲವರ ಕೈಯೂ ಇದೆ.

ಕಟ್ಟಬೇಕಿದ್ದದ್ದು ಇಬ್ಬರು ಕೂರುವ, ಚಾವಣಿ ಇಲ್ಲದ, ಪೈಪಿನ ಫ್ರೇಮಿನ ಒಂದು ಹಗುರ ಕಾರು. ರಸ್ತೆಗಲ್ಲ, ರೇಸ್ ಟ್ರ್ಯಾಕಿಗೆ ಮಾತ್ರ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಸಸ್ಪೆನ್ಷನ್ ಎಲ್ಲವೂ ಒಂದು ಹಳೆಯ ಮಾಜ್ದಾ ಎಂಎಕ್ಸ್-5ರಿಂದ. ಎಂಜಿನ್ ಕೂರಿಸುವುದು ದೊಡ್ಡ ಮಾತಲ್ಲ, ಅದು ಎಲ್ಲ ಗ್ಯಾರೇಜಿನವರಿಗೂ ಬರುತ್ತದೆ. ಬೆವರಿಳಿಸಿದ್ದು ಸಸ್ಪೆನ್ಷನ್.

ಇದು ಹೊಸ ವಿದ್ಯೆಯಲ್ಲ

ಒಂದು ಕಾರಿನ ಕಾಲನ್ನು ಇನ್ನೊಂದು ಕಾರಿನ ಮೈಗೆ ಜೋಡಿಸುವ ಕೆಲಸಕ್ಕೆ ದೊಡ್ಡ ಇತಿಹಾಸವಿದೆ. ಬ್ರಿಟನ್ನಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಎಂಬ ಕಾರನ್ನು ಹೊರತಂದರು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಅಲ್ಲಿ ಖರೀದಿ ತೆರಿಗೆ ಉಳಿಯುತ್ತಿತ್ತು. ಹಾಗಾಗಿ ಬಹಳ ಜನ ಅದನ್ನು ಕಿಟ್ ರೂಪದಲ್ಲೇ ಕೊಂಡರು. ಸಣ್ಣ ಕಂಪನಿಯಾದ ಲೋಟಸ್ ಎಲ್ಲ ಭಾಗಗಳನ್ನೂ ತಾನೇ ಎರಕ ಹೊಯ್ಯುತ್ತ ಕೂರಲಿಲ್ಲ, ದೊಡ್ಡ ಕಂಪನಿಗಳ ಭಾಗಗಳನ್ನು ತಂದು ಬಳಸಿತು. 1973ರಲ್ಲಿ ಆ ಕಾರಿನ ಹಕ್ಕನ್ನು ಕೇಟರ್‌ಹ್ಯಾಮ್ ಕಂಪನಿ ಪಡೆಯಿತು, ಇಂದಿಗೂ ಅದೇ ಮಾದರಿಯ ಕಾರುಗಳನ್ನು ಮಾರುತ್ತಿದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬವರು 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕವನ್ನೇ ಬರೆದರು. ಹಳೆಯ ಫೋರ್ಡ್ ಎಸ್ಕಾರ್ಟಿನ ಭಾಗಗಳು, ಚೌಕ ಪೈಪು, ಒಂದು ವೆಲ್ಡಿಂಗ್ ಮೆಷಿನ್ ಇದ್ದರೆ ಸಾಕೆಂಬುದು ಅದರ ಸಾರ. ಅದನ್ನು ನೋಡಿ ಕಾರು ಕಟ್ಟಿದವರು ಜಗತ್ತಿನ ತುಂಬ ಇದ್ದಾರೆ.

ಅಮೆರಿಕ, ಬ್ರಿಟನ್ನುಗಳ ಕಸ್ಟಮ್ ಕಾರಿನವರು ಜಾಗ್ವಾರ್ ಕಂಪನಿಯ ಹಿಂಬದಿ ಸಸ್ಪೆನ್ಷನ್ನನ್ನು ಬಹಳ ಮೆಚ್ಚಿದರು. 1961ರ ಇ-ಟೈಪ್ ಕಾರಿನಲ್ಲಿ ಬಂದ ಈ ಏರ್ಪಾಡಿನಲ್ಲಿ ಡಿಫರೆನ್ಷಿಯಲ್, ಡಿಸ್ಕ್ ಬ್ರೇಕು, ಒಂದೊಂದು ಬದಿಗೆ ಎರಡೆರಡು ಸ್ಪ್ರಿಂಗು ಎಲ್ಲವೂ ಒಂದೇ ಉಕ್ಕಿನ ಪಂಜರದಲ್ಲಿ ಕೂತಿರುತ್ತವೆ. ಪಂಜರ ಬಿಚ್ಚಿದರೆ ಇಡೀ ಹಿಂಭಾಗ ಕೈಗೆ ಬರುತ್ತದೆ. ಅದರಲ್ಲೂ ಒಂದು ತೊಂದರೆ ಇದೆ. ಬ್ರೇಕು ಚಕ್ರದ ಬಳಿ ಇರದೆ ಡಿಫರೆನ್ಷಿಯಲ್ಲಿಗೆ ಅಂಟಿಕೊಂಡಿರುವುದರಿಂದ ಗಾಳಿ ಕಡಿಮೆ, ಬಿಸಿ ಜಾಸ್ತಿ. ನಮ್ಮ ಈ ಬಿಸಿಲಿನ ನಾಡಿನಲ್ಲಿ ಟ್ರ್ಯಾಕಿಗೆ ಅದು ಬೇಡವೆನಿಸಿತು.

1989ರಲ್ಲಿ ಬಂದ ಎಂಎಕ್ಸ್-5ರಲ್ಲಿ ಬ್ರೇಕು ಚಕ್ರದ ಬಳಿಯೇ ಇದೆ. ಮುಂದೆ ಹಿಂದೆ ನಾಲ್ಕೂ ಕಡೆ ಡಬಲ್ ವಿಷ್‌ಬೋನ್, ಅಂದರೆ ಒಂದೊಂದು ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್. ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದ ಕಾರು ಆದ್ದರಿಂದ ಬುಷ್, ಬಾಲ್ ಜಾಯಿಂಟ್, ಬೇರಿಂಗ್ ಯಾವುದು ಕೇಳಿದರೂ ಸಿಗುತ್ತದೆ.

ಆರ್ಮ್ ಒಂದೇ ಆದರೂ ಕೆಲಸ ಒಂದೇ ಅಲ್ಲ

“ಭಾಗಗಳು ಒಳ್ಳೆಯ ಕಂಪನಿಯವು, ಬಿಚ್ಚಿ ಇಲ್ಲಿ ಬೋಲ್ಟ್ ಹಾಕಿದರೆ ಮುಗಿಯಿತಲ್ಲ?” ಎಂದು ಗಿರಾಕಿ ಮೊದಲ ವಾರವೇ ಕೇಳಿದ. ಎಲ್ಲರಿಗೂ ಮೊದಲು ತೋಚುವುದೇ ಅದು.

ಸಸ್ಪೆನ್ಷನ್ನಿನ ಗುಣ ಇರುವುದು ಆರ್ಮಿನಲ್ಲಿ ಮಾತ್ರವಲ್ಲ, ಆ ಆರ್ಮ್ ಮೈಗೆ ಸೇರುವ ಬಿಂದುಗಳಲ್ಲಿ. ಎಂಎಕ್ಸ್-5ರ ಮೇಲಿನ ಆರ್ಮ್ ಗಿಡ್ಡ, ಕೆಳಗಿನದು ಉದ್ದ. ಇದಕ್ಕೆ ಕಾರಣವಿದೆ. ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ವಾಲಿದಾಗ ಹೊರಬದಿಯ ಚಕ್ರವೂ ಜೊತೆಗೆ ಹೊರಕ್ಕೆ ವಾಲಬೇಕು. ಆದರೆ ಗಿಡ್ಡ ಆರ್ಮ್ ಚಕ್ರದ ತಲೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಟೈರು ನೆಲಕ್ಕೆ ಸಪಾಟಾಗಿ ಕೂರುತ್ತದೆ. ಎರಡೂ ಆರ್ಮುಗಳ ಒಳತುದಿ ಎಷ್ಟು ಎತ್ತರದಲ್ಲಿ, ಎಷ್ಟು ಅಂತರದಲ್ಲಿ, ಯಾವ ಓರೆಯಲ್ಲಿ ಇರಬೇಕೆಂದು ಕಂಪನಿಯ ಎಂಜಿನಿಯರುಗಳು ಲೆಕ್ಕ ಹಾಕಿಟ್ಟಿದ್ದಾರೆ. ನಾವು ಬ್ರಾಕೆಟ್ಟನ್ನು ಹತ್ತು ಮಿಲಿಮೀಟರ್ ಮೇಲೆ ಕೆಳಗೆ ಮಾಡಿದರೂ ಆ ಲೆಕ್ಕ ಕೆಡುತ್ತದೆ. ಆರ್ಮ್ ಅದೇ ಇರುತ್ತದೆ, ಕಾರು ಬೇರೆಯಾಗಿರುತ್ತದೆ.

ಸುಲಭದ ದಾರಿ ಎಂದರೆ ಸಬ್‌ಫ್ರೇಮ್ ಸಮೇತ ಎತ್ತಿಕೊಳ್ಳುವುದು. ಎಂಎಕ್ಸ್-5ರಲ್ಲಿ ಮುಂದೊಂದು ಹಿಂದೊಂದು ಸಬ್‌ಫ್ರೇಮ್ ಇದೆ, ಆರ್ಮಿನ ಬಿಂದುಗಳೆಲ್ಲ ಅದರಲ್ಲೇ ಇವೆ. ಹಿಂಭಾಗಕ್ಕೆ ನಾವು ಹಾಗೆಯೇ ಮಾಡಿದೆವು. ಮುಂದೆ ಮಾತ್ರ ಗಿರಾಕಿಗೆ ಬೇಕಿದ್ದ ಸಪೂರ ಮೂತಿಯೊಳಗೆ ಆ ದಪ್ಪ ಸಬ್‌ಫ್ರೇಮ್ ಹಿಡಿಸಲಿಲ್ಲ. ಆರ್ಮುಗಳನ್ನು ನೇರವಾಗಿ ನಮ್ಮ ಪೈಪಿನ ಫ್ರೇಮಿಗೇ ಕೂರಿಸಬೇಕಾಯಿತು.

ಮೇಸ್ತ್ರಿಯ ತೂಕದ ಗುಂಡು

ಬಿಂದುಗಳನ್ನು ಅಳೆಯಲು ದೊಡ್ಡ ಕಂಪನಿಗಳಲ್ಲಿ ಲೇಸರ್ ಯಂತ್ರಗಳಿವೆ. ನಮ್ಮಲ್ಲಿ ಇದ್ದದ್ದು ಟೇಪು ಮತ್ತು ಕಣ್ಣು. ಆಗ ನೆರವಿಗೆ ಬಂದವರು ನಮ್ಮ ರೂಮಿನ ಬಾಗಲಕೋಟೆಯ ಮೇಸ್ತ್ರಿ. ಶೆಡ್ಡಿಗೆ ಬಂದವರು ಕಾರನ್ನು ನೋಡಲೇ ಇಲ್ಲ, ನೆಲ ನೋಡಿದರು. “ನೆಲಾನೇ ಸೊಟ್ಟ ಇದ್ರ ಗಾಡಿ ಹ್ಯಾಂಗ ನೆಟ್ಟಗ ಬರ್ತೈತ್ರಿ?” ಎಂದರು.

ಕಟ್ಟಡದ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ನಾಲ್ಕು ಮೂಲೆಗಳ ಲೆವೆಲ್ ನೋಡಿದೆವು. ನೆಲ ಒಂದು ಕಡೆ 14 ಮಿಲಿಮೀಟರ್ ತಗ್ಗಿತ್ತು. ನಾಲ್ಕು ಚಕ್ರ ನಿಲ್ಲುವ ಜಾಗಗಳಿಗೆ ಉಕ್ಕಿನ ತಗಡುಗಳನ್ನು ಜೋಡಿಸಿ ಒಂದೇ ಮಟ್ಟಕ್ಕೆ ತಂದೆವು. ಅದರ ಮೇಲೆ ದಾನಿ ಕಾರನ್ನು ನಿಲ್ಲಿಸಿ, ನಡುವೆ ಸುಣ್ಣದ ದಾರ ಹೊಡೆದು, ಪ್ರತಿ ಬೋಲ್ಟಿನ ಕೇಂದ್ರದಿಂದ ಮೇಸ್ತ್ರಿಯ ತೂಕದ ಗುಂಡನ್ನು ಇಳಿಬಿಟ್ಟು ನೆಲದಲ್ಲಿ ಗುರುತು ಮಾಡಿದೆವು. ನಡುಗೆರೆಯಿಂದ ಎಷ್ಟು ದೂರ, ಚಕ್ರದ ಅಕ್ಷದಿಂದ ಎಷ್ಟು ಮುಂದೆ ಅಥವಾ ಹಿಂದೆ, ನೆಲದಿಂದ ಎಷ್ಟು ಎತ್ತರ, ಹೀಗೆ ಒಂದೊಂದು ಬಿಂದುವಿಗೆ ಮೂರು ಅಳತೆ. ಎಡಗಡೆ ಅಳೆದದ್ದನ್ನು ಬಲಗಡೆಯೊಂದಿಗೆ ಹೋಲಿಸಿದೆವು. ಎರಡೂ ಹೊಂದಿದರೆ ಅಳತೆ ಸರಿ, ಕಾರೂ ಅಪಘಾತದಲ್ಲಿ ಸೊಟ್ಟಗಾಗಿಲ್ಲ ಎಂದು ಗೊತ್ತಾಗುತ್ತದೆ. ಇಷ್ಟೂ ಅಳತೆ ಮುಗಿಯುವವರೆಗೆ ಒಂದು ನಟ್ಟನ್ನೂ ಬಿಚ್ಚಲಿಲ್ಲ.

ಆಮೇಲೆ ಆ ಅಳತೆಗಳ ಮೇಲೆ ಒಂದು ಜಿಗ್ ಮಾಡಿದೆವು. ದಪ್ಪ ಪೈಪಿನ ಕಟ್ಟು, ಅದರ ಮೇಲೆ ಬೋಲ್ಟುಗಳು ಎಲ್ಲಿರಬೇಕೋ ಅಲ್ಲೇ ತೂತು. ಬ್ರಾಕೆಟ್ಟನ್ನು ಮೊದಲು ಜಿಗ್ಗಿಗೆ ಬೋಲ್ಟ್ ಮಾಡಿ, ನಂತರ ಫ್ರೇಮಿಗೆ ವೆಲ್ಡ್ ಮಾಡುವುದು. ವೆಲ್ಡಿಂಗ್ ಕಾವಿಗೆ ಪೈಪು ಎಳೆದುಕೊಳ್ಳುತ್ತದೆಂದು ವೆಲ್ಡರುಗಳಿಗೆಲ್ಲ ಗೊತ್ತು. ಜಿಗ್ ಇಲ್ಲದಿದ್ದರೆ ಬೆಳಿಗ್ಗೆ ಸರಿ ಇದ್ದ ತೂತು ಸಂಜೆಗೆ ಸರಿದಿರುತ್ತದೆ.

ಬ್ರಾಕೆಟ್ಟಿನ ಮೇಲೆ ಬೀಳುವ ಭಾರ

ನಮ್ಮ ಕಾರು ಡ್ರೈವರ್ ಸಮೇತ 700 ಕೆಜಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿದು, ಮುಂದಿನ ಒಂದೊಂದು ಟೈರು ನೆಲವನ್ನು ಸುಮಾರು 230 ಕೆಜಿ ಬಲದಿಂದ ಹಿಡಿಯುತ್ತದೆ. ಆದರೆ ಕೆಳಗಿನ ಬಾಲ್ ಜಾಯಿಂಟಿಗೆ ಬರುವುದು 230 ಅಲ್ಲ. ಚಕ್ರದ ನಕಲ್ ಒಂದು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಮೇಲಿನ ಜಾಯಿಂಟ್ ನೆಲದಿಂದ 400 ಮಿಲಿಮೀಟರ್, ಕೆಳಗಿನದು 150 ಮಿಲಿಮೀಟರ್ ಎತ್ತರದಲ್ಲಿದ್ದರೆ ಕೆಳಗಿನದಕ್ಕೆ 1.6 ಪಟ್ಟು, ಅಂದರೆ ಸುಮಾರು 370 ಕೆಜಿ ಬಲ ಬೀಳುತ್ತದೆ. ಇದು ನಯವಾದ ರಸ್ತೆಯ ಲೆಕ್ಕ. ಟ್ರ್ಯಾಕಿನ ಅಂಚಿನ ಕಟ್ಟೆ ಹತ್ತಿದರೆ ಅದರ ಹಲವು ಪಟ್ಟು. ಅಷ್ಟನ್ನೂ ತಡೆಯುವುದು ನಮ್ಮ ವೆಲ್ಡರ್ ಅಣ್ಣನ ಕೈಯ ಕೆಲವು ಇಂಚು ವೆಲ್ಡು. ಅದು ಬಿಟ್ಟರೆ ಚಕ್ರ ಮಡಚಿ ಬೀಳುತ್ತದೆ. ಒಳಗೆ ಕೂತವನ ಜೀವದ ಮಾತು ಅದು.

ಹಾಗಾಗಿ ಕೆಲವು ನಿಯಮಗಳನ್ನು ಗೋಡೆಗೆ ಬರೆದು ಅಂಟಿಸಿದ್ದೆವು. ಬೋಲ್ಟನ್ನು ಬ್ರಾಕೆಟ್ ಎರಡೂ ಬದಿಯಿಂದ ಹಿಡಿದಿರಬೇಕು, ಒಂದೇ ಬದಿಗೆ ತೂಗುಹಾಕಬಾರದು. ಬೋಲ್ಟಿನ ನುಣುಪು ಭಾಗ ಭಾರ ಹೊರಬೇಕು, ಮರೆ ಭಾಗವಲ್ಲ. ಪೊಳ್ಳು ಪೈಪಿನ ಮೂಲಕ ಬೋಲ್ಟ್ ಹೋಗುವಲ್ಲಿ ಒಳಗೆ ಉಕ್ಕಿನ ತೋಳು ಕೂರಿಸಿ ವೆಲ್ಡ್ ಮಾಡಬೇಕು, ಇಲ್ಲದಿದ್ದರೆ ಬಿಗಿ ಮಾಡಿದಂತೆಲ್ಲ ಪೈಪು ಅಪ್ಪಚ್ಚಿಯಾಗುತ್ತದೆ. ಬ್ರಾಕೆಟ್ಟುಗಳನ್ನು ಆದಷ್ಟು ಎರಡು ಪೈಪು ಕೂಡುವ ಮೂಲೆಯ ಬಳಿಯೇ ಇಡಬೇಕು. ನಡು ಪೈಪಿನಲ್ಲಿ ಇಡಲೇಬೇಕಾದರೆ ಮೂಲೆಪಟ್ಟಿ ಹಾಕಬೇಕು.

ಬುಷ್ ವಿಷಯವೂ ಇಲ್ಲೇ ಬರುತ್ತದೆ. ರೇಸಿನವರು ರಬ್ಬರ್ ಬುಷ್ ತೆಗೆದು ಲೋಹದ ಗೋಲಿ ಜಾಯಿಂಟ್ ಹಾಕುತ್ತಾರೆ. ಅದು ಅಲುಗಾಡುವುದಿಲ್ಲ, ಸ್ಟಿಯರಿಂಗ್ ಚುರುಕು. ಆದರೆ ನಮ್ಮ ಮರಳು ಗಾಳಿಯಲ್ಲಿ ಅದರೊಳಗೆ ಧೂಳು ಸೇರಿ ಬೇಗ ಸವೆದು ಕಟಕಟ ಎನ್ನುತ್ತದೆ. ನಾವು ಹೊಸ ರಬ್ಬರ್ ಬುಷ್‌ಗಳನ್ನೇ ಹಾಕಿದೆವು. ಒಂದು ಮಾತು ಎಲ್ಲ ಮೆಕ್ಯಾನಿಕ್ಕರಿಗೂ: ರಬ್ಬರ್ ಬುಷ್ ಇರುವ ಬೋಲ್ಟನ್ನು ಕಾರು ಜ್ಯಾಕ್ ಮೇಲಿದ್ದಾಗ ಕೊನೆಯ ಬಿಗಿ ಮಾಡಬೇಡಿ. ಕಾರನ್ನು ನೆಲಕ್ಕಿಳಿಸಿ, ತನ್ನ ಭಾರದಲ್ಲಿ ಕೂತ ಮೇಲೆ ಬಿಗಿ ಮಾಡಿ. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಈ ಮಾತು ಕ್ಯಾಮ್ರಿಗೂ ಸರಿ, ಊರಿನ ಮಾರುತಿಗೂ ಸರಿ.

ಸ್ಪ್ರಿಂಗ್ ಕತ್ತರಿಸಬೇಡಿ

ಎಂಎಕ್ಸ್-5 ಸುಮಾರು ಒಂದು ಟನ್ ತೂಕದ ಕಾರು. ಅದರ ಸ್ಪ್ರಿಂಗುಗಳನ್ನು ನಮ್ಮ 700 ಕೆಜಿ ಕಾರಿಗೆ ಹಾಕಿ ನೋಡಿದಾಗ ಕಾರು ಕೊಕ್ಕರೆಯಂತೆ ಎತ್ತರ ನಿಂತಿತು. “ಎರಡು ಸುತ್ತು ಕತ್ತರಿಸಿ, ಕೆಳಗೆ ಬರುತ್ತದೆ” ಎಂದ ಗಿರಾಕಿ. ಟ್ರ್ಯಾಕಿನ ದಿನ ಬುಕ್ ಮಾಡಿಯಾಗಿತ್ತು, ಅವನಿಗೆ ಅವಸರ. ಕತ್ತರಿಸಿದರೆ ಕೆಳಗೆ ಬರುವುದು ನಿಜ. ಆದರೆ ಸುತ್ತು ಕಡಿಮೆಯಾದಂತೆ ಸ್ಪ್ರಿಂಗ್ ಇನ್ನೂ ಗಡುಸಾಗುತ್ತದೆ. ಹಗುರ ಕಾರಿಗೆ ಗಡುಸು ಸ್ಪ್ರಿಂಗ್ ಹಾಕಿದರೆ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಕತ್ತರಿಸಿದ ತುದಿ ತನ್ನ ಬಟ್ಟಲಲ್ಲಿ ಸರಿಯಾಗಿ ಕೂರುವುದೂ ಇಲ್ಲ. ನಾವು ಒಪ್ಪಲಿಲ್ಲ. ಅರ್ಬಾಬ್ ನಮ್ಮ ಮಾತು ಕೇಳಿ, “ಬೇಕಾದರೆ ಕಾರು ತೆಗೆದುಕೊಂಡು ಹೋಗಲಿ, ಕತ್ತರಿಸುವುದು ಬೇಡ” ಎಂದರು. ಆರು ತಿಂಗಳ ಕೆಲಸ ಆ ಸಂಜೆ ಕೈತಪ್ಪುವಂತೆ ಇತ್ತು. ಎರಡು ದಿನ ಬಿಟ್ಟು ಗಿರಾಕಿಯೇ ಬಂದು ಲೆಕ್ಕ ತೋರಿಸಿ ಎಂದ.

ಲೆಕ್ಕ ಹೀಗಿದೆ. 700 ಕೆಜಿಯಲ್ಲಿ ಚಕ್ರ, ಬ್ರೇಕು, ನಕಲ್ ಮುಂತಾದ ಸ್ಪ್ರಿಂಗಿನ ಕೆಳಗಿನ ತೂಕ ಸುಮಾರು 120 ಕೆಜಿ ಕಳೆದರೆ ಉಳಿಯುವುದು 580. ಅದರಲ್ಲಿ ನೂರಕ್ಕೆ 47 ಭಾಗ ಮುಂದೆ, ಅಂದರೆ ಒಂದು ಮುಂಚಕ್ರಕ್ಕೆ 136 ಕೆಜಿ. ಟ್ರ್ಯಾಕ್ ಕಾರು ಸೆಕೆಂಡಿಗೆ ಎರಡು ಸಲ ತೂಗುವಷ್ಟು ಗಡುಸಾಗಿರಲಿ ಎಂದುಕೊಂಡರೆ, ಚಕ್ರದ ಬಳಿ ಮಿಲಿಮೀಟರಿಗೆ 2.2 ಕೆಜಿ ಗಡುಸು ಬೇಕು. ಆದರೆ ಸ್ಪ್ರಿಂಗ್ ಇರುವುದು ಚಕ್ರದ ಬಳಿಯಲ್ಲ, ಆರ್ಮಿನ ಒಳಗಡೆ. ಸ್ಪ್ರಿಂಗ್ ತೆಗೆದು ಚಕ್ರವನ್ನು 10 ಮಿಲಿಮೀಟರ್ ಎತ್ತಿದಾಗ ಶಾಕ್ ಅಬ್ಸಾರ್ಬರ್ 7 ಮಿಲಿಮೀಟರ್ ಮಾತ್ರ ಕುಗ್ಗಿತು. ಈ 0.7ರಿಂದ ಒಂದು ಸಲವಲ್ಲ, ಎರಡು ಸಲ ಭಾಗಿಸಬೇಕು. ಏಕೆಂದರೆ ಸ್ಪ್ರಿಂಗ್ ಕಡಿಮೆ ಕುಗ್ಗುತ್ತದೆ, ಜೊತೆಗೆ ಅದರ ಬಲವೂ ಆರ್ಮಿನ ಒಳಗಡೆಯಿಂದ ಒತ್ತುವುದರಿಂದ ಚಕ್ರಕ್ಕೆ ಕಡಿಮೆಯಾಗಿಯೇ ತಲುಪುತ್ತದೆ. 2.2ನ್ನು 0.49ರಿಂದ ಭಾಗಿಸಿದರೆ ಸುಮಾರು 4.5. ಮಾರುಕಟ್ಟೆಯಲ್ಲಿ ‘ನಾಲ್ಕೂವರೆ ಕೆಜಿ ಸ್ಪ್ರಿಂಗ್’ ಎಂದು ಕೇಳಬೇಕಾದದ್ದು ಇದನ್ನೇ. ಹಿಂದಕ್ಕೆ ಇದೇ ರೀತಿ ಲೆಕ್ಕ ಹಾಕಿ ಐದು ಕೆಜಿಯದು ತಂದೆವು. ಎತ್ತರ ಹೊಂದಿಸಬಲ್ಲ ಶಾಕ್ ಅಬ್ಸಾರ್ಬರ್ ಹಾಕಿ, ಕೆಳಗಿನ ಆರ್ಮುಗಳು ದಾನಿ ಕಾರಿನಲ್ಲಿ ಯಾವ ಓರೆಯಲ್ಲಿದ್ದವೋ ಅದೇ ಓರೆಗೆ ತಂದು ನಿಲ್ಲಿಸಿದೆವು.

ಬಿಳಿ ಪುಡಿಯ ಮೇಲೆ ಕೆಂಪು ಗೆರೆ

ಎಂಎಕ್ಸ್-5ರ ಎಡ ಮುಂದಿನ ನಕಲ್ಲಿನ ಬೇರಿಂಗ್ ಮನೆ ಸವೆದಿತ್ತು. ಹಳೆ ಬಿಡಿಭಾಗಗಳ ಮಾರುಕಟ್ಟೆಯಿಂದ ಒಂದು ನಕಲ್ ತಂದೆವು. ನೋಡಲು ಲಕಲಕ ಎನ್ನುತ್ತಿತ್ತು. ಅದೇ ವಾರ ಅಬುಧಾಬಿಯಿಂದ ನಮ್ಮ ಸಂಘದ ಒಬ್ಬ ಸದಸ್ಯರು ಬಂದಿದ್ದರು. ತೈಲ ಪೈಪುಗಳ ವೆಲ್ಡು ಪರೀಕ್ಷೆ ಅವರ ಕೆಲಸ. “ಪೇಂಟ್ ಮಾಡುವ ಮೊದಲು ಎಲ್ಲಕ್ಕೂ ಒಂದು ಸಲ ಬಣ್ಣ ಬಳಿದು ನೋಡೋಣ” ಎಂದರು.

ಭಾಗವನ್ನು ಚೆನ್ನಾಗಿ ತೊಳೆದು ಒರೆಸಿ, ಕೆಂಪು ದ್ರವ ಸಿಂಪಡಿಸಿ ಕಾಲು ಗಂಟೆ ಬಿಡುವುದು. ಕೂದಲೆಳೆಯ ಬಿರುಕಿದ್ದರೂ ಅದರೊಳಗೆ ದ್ರವ ಇಳಿಯುತ್ತದೆ. ಮೇಲಿನದನ್ನು ಒರೆಸಿ ತೆಗೆದು ಬಿಳಿ ಪುಡಿಯ ಸ್ಪ್ರೇ ಹೊಡೆದರೆ, ಬಿರುಕಿನೊಳಗಿನ ಕೆಂಪು ಮೇಲೆದ್ದು ಬರುತ್ತದೆ. ನಮ್ಮ ವೆಲ್ಡುಗಳೆಲ್ಲ ಬೆಳ್ಳಗೇ ಉಳಿದವು. ಮಾರುಕಟ್ಟೆಯಿಂದ ತಂದ ನಕಲ್ಲಿನಲ್ಲಿ ಸ್ಟಿಯರಿಂಗ್ ರಾಡ್ ಸೇರುವ ಕೈಯ ಬುಡದಲ್ಲಿ ಒಂದು ಕೆಂಪು ಗೆರೆ ನಿಧಾನವಾಗಿ ಮೂಡಿತು. ಯಾವುದೋ ಅಪಘಾತದಲ್ಲಿ ಏಟು ತಿಂದ ಭಾಗ ಅದು. ವೇಗದಲ್ಲಿ ಅದು ಮುರಿದಿದ್ದರೆ ಸ್ಟಿಯರಿಂಗ್ ತಿರುಗಿಸಿದರೂ ಆ ಚಕ್ರ ತಿರುಗುತ್ತಿರಲಿಲ್ಲ. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಂಗಡಿಯವನು ತಕರಾರಿಲ್ಲದೆ ಬೇರೆ ಕೊಟ್ಟ. ಅದನ್ನೂ ಪರೀಕ್ಷಿಸಿಯೇ ಹಾಕಿದೆವು. ಹಳೆಯದನ್ನು ಅಂಗಡಿಗೆ ಹಿಂದಿರುಗಿಸದೆ ಕಟ್ ಮಾಡಿ ಎರಡು ತುಂಡು ಮಾಡಿದೆವು, ಇನ್ನೊಬ್ಬರ ಕಾರಿಗೆ ಹೋಗದಿರಲಿ ಎಂದು.

ಈ ಮೂರು ಡಬ್ಬಗಳ ಸೆಟ್ಟು ದುಬಾರಿಯೇನಲ್ಲ. ಹಳೆಯ ಸಸ್ಪೆನ್ಷನ್ ಭಾಗ ಬಳಸುವ ಎಲ್ಲ ಗ್ಯಾರೇಜಿನಲ್ಲೂ ಇರಬೇಕು.

ಅಕ್ಕಿ ಚೀಲದ ಡ್ರೈವರ್

ಕೊನೆಯ ಹಂತ ಹೊಂದಾಣಿಕೆ. ಚಕ್ರವನ್ನು 30 ಮಿಲಿಮೀಟರ್ ಮೇಲಕ್ಕೂ ಕೆಳಕ್ಕೂ ಆಡಿಸಿ, ಅದು ತಾನಾಗಿಯೇ ಎಡಕ್ಕೋ ಬಲಕ್ಕೋ ತಿರುಗುತ್ತದೆಯೇ ನೋಡಬೇಕು. ಸ್ಟಿಯರಿಂಗ್ ರ್‍ಯಾಕಿನ ಎತ್ತರ ಆರ್ಮುಗಳಿಗೆ ಹೊಂದದಿದ್ದರೆ ಪ್ರತಿ ಉಬ್ಬಿಗೂ ಕಾರು ತಾನೇ ಸ್ಟಿಯರಿಂಗ್ ತಿರುಗಿಸಿಕೊಳ್ಳುತ್ತದೆ. ಹಾಸನದ ಹುಡುಗ ರ್‍ಯಾಕಿನ ಕೆಳಗೆ ತೆಳು ತಗಡುಗಳನ್ನು ಇಡುತ್ತ ತೆಗೆಯುತ್ತ ಮೂರು ದಿನ ಕಳೆದ. ಕಡೆಗೆ ರಿಮ್ಮಿನ ಅಂಚಿನಲ್ಲಿ ಬದಲಾವಣೆ ಒಂದು ಮಿಲಿಮೀಟರಿಗಿಂತ ಕಡಿಮೆಯಾಯಿತು.

ಅನಂತರ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತೂಕದ ಯಂತ್ರ. ಡ್ರೈವರ್ ಸೀಟಿನಲ್ಲಿ ಮನುಷ್ಯ ಕೂರಬೇಕು. ಗಂಟೆಗಟ್ಟಲೆ ಯಾರು ಕೂರುತ್ತಾರೆ? 20 ಕೆಜಿಯ ನಾಲ್ಕು ಅಕ್ಕಿ ಚೀಲ ಇಟ್ಟೆವು. ಎಡ ಮುಂದಿನ ಮತ್ತು ಬಲ ಹಿಂದಿನ ಚಕ್ರಗಳ ತೂಕ ಕೂಡಿದರೆ ಒಟ್ಟು ತೂಕದ ಅರ್ಧ ಬರಬೇಕು. ಇಲ್ಲದಿದ್ದರೆ ಕಾರು ಬಲಕ್ಕೆ ಒಂದು ರೀತಿ, ಎಡಕ್ಕೆ ಒಂದು ರೀತಿ ತಿರುಗುತ್ತದೆ. ಒಂದು ಕಾಲು ಗಿಡ್ಡ ಇರುವ ಮೇಜಿನ ಹಾಗೆ. ಸ್ಪ್ರಿಂಗಿನ ಬಟ್ಟಲುಗಳನ್ನು ತಿರುಗಿಸಿ ಅದನ್ನು ಸರಿಮಾಡಿದೆವು. ಅಕ್ಕಿ ಆಮೇಲೆ ನಮ್ಮ ಮೆಸ್ಸಿಗೆ ಹೋಯಿತು.

ಎಲ್ಲ ಬೋಲ್ಟುಗಳನ್ನೂ ಟಾರ್ಕ್ ರೆಂಚಿನಲ್ಲಿ ಬಿಗಿದು, ಬೋಲ್ಟು ಮತ್ತು ಬ್ರಾಕೆಟ್ಟಿನ ಮೇಲೆ ಸೇರಿಸಿ ಹಳದಿ ಗೆರೆ ಎಳೆದೆವು. ಬೋಲ್ಟು ಸ್ವಲ್ಪ ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ರಿಕವರಿ ಗಾಡಿಯ ಮೇಲೆ ಕಾರು ದುಬೈ ಆಟೋಡ್ರೋಮಿಗೆ ಹೋದ ದಿನ ಪ್ರತಿ ಐದು ಸುತ್ತಿಗೊಮ್ಮೆ ನಿಲ್ಲಿಸಿ ಆ ಗೆರೆಗಳನ್ನು ನೋಡಿದೆವು. ಒಂದೂ ಕದಲಿರಲಿಲ್ಲ.

ರಸ್ತೆಗೆ ಇಳಿಸುವ ಮುನ್ನ

ಇದನ್ನು ಓದಿ ತಾವೂ ಹೀಗೆ ಮಾಡಬೇಕೆನ್ನುವ ಗೆಳೆಯರಿಗೆ ಒಂದು ಎಚ್ಚರಿಕೆ. ಯುಎಇಯಲ್ಲಿ ಅನುಮತಿಯಿಲ್ಲದೆ ವಾಹನದ ಎಂಜಿನ್ ಅಥವಾ ಚಾಸಿ ಬದಲಿಸಿದರೆ ದಂಡ, ಬ್ಲ್ಯಾಕ್ ಪಾಯಿಂಟ್, ವಾಹನ ಜಪ್ತಿ ಎಲ್ಲವೂ ಇವೆ. ನಮ್ಮ ಕಾರು ಟ್ರ್ಯಾಕಿಗೆ ಮಾತ್ರ, ರಸ್ತೆಗೆ ಇಳಿದೇ ಇಲ್ಲ. ಊರಿನಲ್ಲೂ ಅಷ್ಟೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಆದರೆ ಈ ವಿದ್ಯೆಗೆ ನ್ಯಾಯವಾದ ದಾರಿಗಳೂ ಇವೆ. ನಮ್ಮ ಮಕ್ಕಳಲ್ಲಿ ಹಲವರು ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಬಾಹಾ, ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗಳಿಗೆ ವಿದ್ಯಾರ್ಥಿಗಳೇ ಕಾರು ಕಟ್ಟುತ್ತಾರೆ. ಕಂಪ್ಯೂಟರಿನಲ್ಲಿ ಅವರ ಚಿತ್ರ ಚೆನ್ನಾಗಿರುತ್ತದೆ. ಬ್ರಾಕೆಟ್ಟನ್ನು ವೆಲ್ಡ್ ಮಾಡುವಾಗ ಪೈಪು ಎತ್ತ ಎಳೆಯುತ್ತದೆ ಎಂಬುದು ಮಾತ್ರ ಅದರಲ್ಲಿ ಕಾಣುವುದಿಲ್ಲ. ರಜೆಗೆ ಹೋದಾಗ ಅವರ ವರ್ಕ್‌ಶಾಪಿಗೆ ಒಂದು ದಿನ ಹೋಗಿ ಬನ್ನಿ. ಕಲಬುರಗಿಯ ನಮ್ಮ ಹೆಲ್ಪರ್ ಈ ಕಾರಿನ ಎಲ್ಲ ಅಳತೆಗಳನ್ನೂ ಎರಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ಅವನ ಬಳಿ ಡಿಪ್ಲೊಮಾ ಇಲ್ಲ, ಆದರೆ ಈಗ ಅರ್ಬಾಬ್ ಹೊಸ ಕೆಲಸ ಬಂದರೆ ಮೊದಲು ಕರೆಯುವುದು ಅವನನ್ನೇ. ಮೊನ್ನೆ ಇನ್ನೊಂದು ಪೈಪಿನ ಕಾರು ಕಟ್ಟಬೇಕೆಂದು ಒಬ್ಬರು ಬಂದಿದ್ದರು. ಹೆಲ್ಪರ್ ಒಳಗೆ ಹೋಗಿ ನೀರಿನ ಪೈಪು ತಂದು, ಮೊದಲು ನೆಲ ನೋಡಿದ.